ಕೀಲೆಣ್ಣೆ ಹಚ್ಚಿದ ಟ್ರ್ಯಾಕ್ಟರ್

ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಒಂದು ಟೈರ್ ಅಂಗಡಿ ಇದೆ. ಮೊನ್ನೆ ಅಲ್ಲೊಬ್ಬ ಹುಡುಗ ಲಾರಿಗೆ ಚಕ್ರ ಹಾಕುತ್ತಿದ್ದ. ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕೊಳವೆ ತೂರಿಸಿ, ಅದರ ಮೇಲೇ ಹತ್ತಿ ನಿಂತು ಮೈಭಾರ ಬಿಟ್ಟ. ಬೋಲ್ಟು ಕೊನೆಯಲ್ಲಿ ‘ಕಿರ್ರ್’ ಅಂತ ನರಳಿತು. ಅಷ್ಟೇ ನೋಡಿ, ಸೊಪ್ಪಿನ ಚೀಲ ಹಿಡಿದುಕೊಂಡು ನಡುರಸ್ತೆಯಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಸ್ಕೂಟರಿನವನು ಹಾರ್ನ್ ಬಾರಿಸಿ ಬೈದ. ಬೈಯಲಿ ಬಿಡಿ, ಅವನು ಗಾಡಿ ನಿಲ್ಲಿಸಿದ್ದೇ ನಮ್ಮ ರಾಗಿ ಹೊಲದಲ್ಲಿ ಅನ್ನೋದು ಅವನಿಗೇನು ಗೊತ್ತು?

ಐವತ್ತರ ದಶಕದ ಮಾತು. ಅತ್ತಿಗುಪ್ಪೆ ಆಗ ಹಳ್ಳಿ, ಬೆಂಗಳೂರು ಅಂದರೆ ನಮಗೆ ಬೇರೆ ಊರು. ನಮ್ಮ ಹೆಂಚಿನ ಮನೆಯ ಜಗಲಿಗೆ ಕಾಲಿಟ್ಟರೆ ಸಾಕು, ಕೀಲೆಣ್ಣೆಯ ವಾಸನೆ ಹೊಡೆಯುತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲೆಸಿ ತಾತನೇ ಅದನ್ನು ಮಾಡುತ್ತಿದ್ದ. ಬಿದಿರಿನ ಕೊಳವೆಯಲ್ಲಿ ತುಂಬಿ ಎತ್ತಿನ ಗಾಡಿಯ ಕೆಳಗೆ ನೇತುಹಾಕುತ್ತಿದ್ದ. ಸುತ್ತುವ ವಸ್ತುವಿಗೆಲ್ಲ ಅವನು ಅದನ್ನು ಹಚ್ಚುತ್ತಿದ್ದ, ಬಾವಿಯ ರಾಟೆಗೂ, ಬಾಗಿಲ ತಿರುಗಣೆಗೂ. ಇಂಥ ಮನೆಗೆ ಅಪ್ಪ ಕೆಂಗೇರಿ ಕಡೆಯ ಹಾಲಿನ ಫಾರಮ್ಮಿನಿಂದ ಒಂದು ಹಳೇ ಟ್ರ್ಯಾಕ್ಟರ್ ತಂದ. ಅಯ್ಯೋ, ಆ ದಿನದ ಸಂಭ್ರಮ ಏನು ಹೇಳಲಿ! ಪೆಟ್ರೋಲಿನಲ್ಲಿ ಎದ್ದು ಸೀಮೆಎಣ್ಣೆಯಲ್ಲಿ ಓಡುವ ರಾಕ್ಷಸ ಅದು. ಅದರ ಹಿಂದಿನ ಚಕ್ರ ನನಗಿಂತ ಎತ್ತರ. ಅಪ್ಪ ಮೊದಲ ದಿನವೇ ಹತ್ತಿ ಕೂತು, ನಿಲ್ಲಿಸುವುದು ಮರೆತು ‘ಹೋ, ಹೋ’ ಅಂತ ಎತ್ತಿಗೆ ಹೇಳಿದ ಹಾಗೆ ಹೇಳುತ್ತಲೇ ಹುಲ್ಲಿನ ಮೆದೆಗೆ ನುಗ್ಗಿಸಿದ. ಆಮೇಲೆ ಅದರ ಹತ್ತಿರ ಸುಳಿಯಲಿಲ್ಲ.

ಕಲಿತದ್ದು ಕೆಂಪತ್ತೆ. ಅಪ್ಪನ ತಂಗಿ, ಮದುವೆಯಾದ ಮಾರನೇ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಫಾರಮ್ಮಿನ ಡ್ರೈವರು ಹೇಳಿಕೊಡಲು ಬಂದಾಗ ಗಂಡಸರು ದೂರದಲ್ಲಿ ಬೀಡಿ ಸೇದುತ್ತ ನಿಂತಿದ್ದರೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿರ ಹೋದವಳು ಅವಳೊಬ್ಬಳೇ. ಹಿಂದಿನ ಚಕ್ರ ಬಿಚ್ಚಿ ಹಾಕುವುದನ್ನು ಅವಳು ನನ್ನ ಮುಂದೆ ಪಾಠದ ಹಾಗೆ ಒಪ್ಪಿಸುತ್ತಿದ್ದಳು. ಚಕ್ರ ಕೂರುವ ಜಾಗ ಒರೆಸಿ ಒಣಗಿಸಬೇಕು. ಒಂದು ಬೋಲ್ಟು ಬಿಗಿದರೆ ಮುಂದಿನದು ಪಕ್ಕದ್ದಲ್ಲ, ಎದುರಿನದು. ಎಲ್ಲಾ ಒಂದಿಷ್ಟು ಹಿಡಿದ ಮೇಲೆ ಚಕ್ರ ನೆಲಕ್ಕಿಳಿಸಿ, ಕಿರ್ರ್ ಅನ್ನುವ ತನಕ ಬಿಗಿಯಬೇಕು. ‘ಬಿಗಿದುಬಿಟ್ರೆ ಆಗ್ಲಿಲ್ಲ ಕಣೆ, ಹೊರೆ ಹೊತ್ಕೊಂಡು ವಸಿ ದೂರ ಹೋದ್ಮೇಲೆ ಇನ್ನೊಂದ್ಸಲ ನೋಡ್ಬೇಕು’ ಅನ್ನುತ್ತಿದ್ದಳು. ಅವಳು ನಕ್ಕಿದ್ದನ್ನು ನಾನು ಕಂಡದ್ದೇ ಆ ದಿನಗಳಲ್ಲಿ.

ಅಷ್ಟರಲ್ಲಿ ಅವಳ ಗಂಡನ ಅಣ್ಣ ಹೇಳಿ ಕಳಿಸಿದ. ಸಂತೆ ದಿನ ಕೆಂಗೇರಿಗೆ ಬರ್ತೀನಿ, ಅವಳನ್ನ ಕಳಿಸಿಕೊಡಿ, ಮನೇಲಿ ಕೆಲಸಕ್ಕೆ ಆಳಿಲ್ಲ ಅಂತ. ಅತ್ತೆಗೆ ಆ ಮನೆ ಅಂದರೆ ಎದೆ ಒಡೆಯುತ್ತಿತ್ತು. ‘ನನಗೆ ಇಲ್ಲೇ ಕೆಲಸ ಐತಲ್ಲಪ್ಪ’ ಅಂದಳು. ಜಗಲಿಯ ಮೇಲೆ ಊರವರೆಲ್ಲ ಕೂತಿದ್ದರು. ಹೆಂಗಸು ಮೋಟಾರು ಹೊಡೆಯೋದೇ ಅಂತ ಮೂಗು ಮುರಿಯುವವರ ಮುಂದೆ ತಾತನೂ ಬಿಗಿಯಾದ. ‘ಸಂತೆಗೆ ರಾಗಿ ಹೊಡ್ಕೊಂಡು ಹೋಗು. ಎಲ್ಲೂ ಕೆಡದಂಗೆ ಕೆಂಗೇರಿ ಮುಟ್ಸಿದ್ರೆ ಇಲ್ಲೇ ಇರು. ಕೆಟ್ಟು ನಿಂತ್ರೆ ಸುಮ್ನೆ ನಿನ್ನ ಭಾವನ ಜತೆ ಹೊರಡು.’ ಹೀಗಾಗಿ ಸಂತೆಯ ಬೆಳಿಗ್ಗೆ ರಾಗಿ ಮೂಟೆಗಳ ನಡುವೆ ಅತ್ತೆಯ ಸೀರೆಯ ಗಂಟೂ ಟ್ರೈಲರ್ ಹತ್ತಿತು. ಅದನ್ನು ನೋಡಿ ನನಗೆ ಅಳು ಬಂತು, ಆದರೆ ಮಡ್ಗಾರ್ಡಿನ ಮೇಲೆ ಕೂರುವ ಆಸೆಗೆ ಅಳು ಅಲ್ಲೇ ನಿಂತಿತು.

ಮೈಸೂರು ರಸ್ತೆಗೆ ಹತ್ತಿದೆವು ನೋಡಿ, ನನ್ನ ಹಲ್ಲು, ಜಡೆ, ಬಳೆ ಎಲ್ಲಾ ಒಟ್ಟಿಗೆ ಕುಣಿಯತೊಡಗಿದವು. ಎರಡೂ ಕಡೆ ಹುಣಸೆ ಮರ, ಪಕ್ಕದಲ್ಲಿ ವೃಷಭಾವತಿ. ಆಗ ಅದರ ತಳದ ಮರಳು ಕಾಣುತ್ತಿತ್ತು, ಈಗಿನವರು ನಂಬುವುದಿಲ್ಲ. ಎತ್ತಿನ ಗಾಡಿಯವರು ದಾರಿ ಬಿಟ್ಟು ಬಾಯಿ ಬಿಟ್ಟುಕೊಂಡು ನೋಡಿದರು. ಅತ್ತೆ ಯಾರ ಕಡೆಗೂ ತಿರುಗಲಿಲ್ಲ. ಹಿಂದೆ ಮೂಟೆಯ ಮೇಲೆ ತಾತ ಪೇಟ ಹಿಡಿದುಕೊಂಡು ಕೂತಿದ್ದ. ನಾಯಂಡಹಳ್ಳಿ ದಾಟಿದ ಮೇಲೆ ನನ್ನ ಕೆಳಗಿಂದ ‘ಟಕ್, ಟಕ್’ ಅಂತ ಸದ್ದು ಶುರುವಾಯಿತು. ಚಕ್ರ ಕುಡಿದವನ ಹಾಗೆ ಓಲಾಡುತ್ತಿತ್ತು. ಅತ್ತೆ ಬಗ್ಗಿ ಚಕ್ರ ನೋಡಿದಳು. ಮರದ ನೆರಳಿಗೆ ಹಾಕಿ ನಿಲ್ಲಿಸಿದಳು.

ಇಳಿದು ಬೋಲ್ಟು ಮುಟ್ಟಿದರೆ ಬೆರಳಿನಲ್ಲೇ ತಿರುಗಿತು. ಹಿಂದಿನ ಸಂಜೆ ಕಿರ್ರ್ ಅನ್ನಿಸಿ ಬಿಗಿದವಳು ಅವಳೇ. ಜಾಕಿ ಕೊಟ್ಟು ಎತ್ತಿ, ಬೋಲ್ಟು ಬಿಚ್ಚಿ ಚಕ್ರ ಸರಿಸಿದಳು. ಕೂರುವ ಜಾಗದ ತುಂಬ ಕಪ್ಪಗೆ, ಜಿಡ್ಡಾಗಿ ಏನೋ ಮೆತ್ತಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದಳು. ನನಗೆ ನಿಂತಲ್ಲಿಗೇ ವಾಸನೆ ಬಂತು. ಜಗಲಿಯ ವಾಸನೆ.

ತಾತ ನೆಲ ನೋಡುತ್ತಿದ್ದ. ‘ಬೆಳಿಗ್ಗೆ ಪೂಜೆ ಮಾಡೋವಾಗ ನಾನೇ ಸಡ್ಲ ಮಾಡಿ ಹಚ್ದೆ ಕಣವ್ವ. ಚಕ್ರ ಅಂದ್ಮೇಲೆ ವಸಿ ಆಟ ಇರ್ಬೇಕು, ಅಲ್ಲಾಡ್ಬೇಕು. ಇಲ್ದಿದ್ರೆ ಅಚ್ಚು ಮುರ್ದು ನಿನ್ನ ಎತ್ತಿ ಎಸೀತದೆ ಅಂತ ಭಯ ಆಯ್ತು.’

ಬೈಯುತ್ತಾಳೆ ಅಂದುಕೊಂಡೆ. ಅವಳ ಬದುಕೇ ಆ ಚಕ್ರದಲ್ಲಿತ್ತಲ್ಲ. ಅತ್ತೆ ಸೀಮೆಎಣ್ಣೆಯಲ್ಲಿ ಸೆರಗು ಅದ್ದಿ ಜಿಡ್ಡನ್ನೆಲ್ಲ ಉಜ್ಜಿದಳು, ಒಣ ಬಟ್ಟೆಯಲ್ಲಿ ಒರೆಸಿದಳು. ‘ಇದ್ರ ಆಟ ಎಲ್ಲಾ ಒಳಗಡೆ ಇರ್ತದಪ್ಪ. ಹೊರಗಡೆ ಇದು ಅಚ್ಚಿನ ಜತೆ ಒಂದೇ ಮೈ ಆಗಿರ್ಬೇಕು’ ಅಂದಳು. ಎದುರುಬದುರು ಬೋಲ್ಟು ಹಿಡಿಸಿ, ಚಕ್ರ ಇಳಿಸಿ, ಸ್ಪ್ಯಾನರಿಗೆ ಕೊಳವೆ ತೂರಿಸಿದಳು. ಆಮೇಲೆ ತಾತನ ಕೈ ಹಿಡಿದು, ‘ಕೊನೇದು ನೀನೇ ಬಿಗಿಯಪ್ಪ’ ಅಂದಳು. ತಾತ ಜೋಡು ಕಳಚಿಟ್ಟು, ಮಗಳ ಹೆಗಲು ಹಿಡಿದು ಕೊಳವೆಯ ಮೇಲೆ ಹತ್ತಿ ನಿಂತ. ಒಂದೊಂದು ಬೋಲ್ಟಿಗೂ ಕಿರ್ರ್. ನಾನು ಪ್ರತಿ ಸಲವೂ ಚಪ್ಪಾಳೆ ತಟ್ಟಿದೆ.

ಸ್ವಲ್ಪ ದೂರ ಹೋಗಿ ಅತ್ತೆ ನಿಲ್ಲಿಸಿ ಮತ್ತೆ ನೋಡಿದಳು. ಒಂದೂ ಅಲುಗಿರಲಿಲ್ಲ. ಕೆಂಗೇರಿ ಸಂತೆಗೆ ನಾವು ದಿಬ್ಬಣದ ಹಾಗೆ ನುಗ್ಗಿದೆವು. ಅತ್ತೆಯ ಭಾವ ಕೊಡೆ ಹಿಡಿದು ಕಾದಿದ್ದ. ‘ದಾರೀಲಿ ಎಲ್ಲೂ ಕೆಡ್ಲಿಲ್ವಾ?’ ಅಂದ. ತಾತ ಪೇಟ ಸರಿಮಾಡಿಕೊಂಡ. ‘ಕೆಟ್ಟಿದ್ದು ನಾನು, ಗಾಡಿಯಲ್ಲ. ಇವಳನ್ನ ನಿಮ್ಜತೆ ಕಳಿಸ್ಬಿಟ್ರೆ ವಾಪಸ್ ಗಾಡಿ ಯಾರಪ್ಪ ಹೊಡೀತಾರೆ?’ ಸಂಜೆ ರಾಗಿ ಖಾಲಿಯಾದ ಟ್ರೈಲರಿನಲ್ಲಿ ಗಂಟೊಂದೇ ಕುಣಿಯುತ್ತ ಅತ್ತಿಗುಪ್ಪೆಗೆ ಬಂತು.

ಆಮೇಲೆ ಹೊಲಗಳಿಗೆ ಕಲ್ಲು ನೆಟ್ಟರು, ಸೈಟುಗಳಾದವು. ತಾತ ಹೋದ, ಟ್ರ್ಯಾಕ್ಟರು ಗುಜರಿ ಸೇರಿತು. ನನ್ನ ಮದುವೆಯಾಗಿ ಒಂದು ತಿಂಗಳಿಗೆ, ಹೇಳದೆ ಕೇಳದೆ ಕೆಂಪತ್ತೆ ನನ್ನ ಗಂಡನ ಮನೆಗೆ ಬಂದಳು. ಯಾಕತ್ತೆ ಅಂದೆ. ನನ್ನ ಕೈ, ಕೆನ್ನೆ, ಅಡಿಗೆಮನೆ ಎಲ್ಲಾ ನೋಡಿ, ‘ಹೊರೆ ಹೊತ್ಮೇಲೆ ಇನ್ನೊಂದ್ಸಲ ನೋಡ್ಬೇಕಲ್ವೇನೆ’ ಅಂದಳು. ಬದುಕಿರುವ ತನಕ ಹಾಗೆ ಬರುತ್ತಲೇ ಇದ್ದಳು.

ಮೊನ್ನೆ ಆ ಲಾರಿ ಹೊರಟಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ‘ವಸಿ ದೂರ ಹೋಗಿ ಇನ್ನೊಂದ್ಸಲ ನೋಡಪ್ಪ’ ಅಂದೆ. ‘ಆಯ್ತಜ್ಜಿ’ ಅಂತ ಡ್ರೈವರು ನಕ್ಕ. ಮನೆಗೆ ಬಂದು ಸೊಪ್ಪು ಬಿಡಿಸುತ್ತ ಕೂತೆ. ಹೇಳದೆ ಕೇಳದೆ ಅತ್ತೆ ಬಂದುಬಿಟ್ಟಾಳು ಅನ್ನುವ ಹಾಗೆ, ಬಾಗಿಲು ಸ್ವಲ್ಪ ಹೊತ್ತು ತೆರೆದೇ ಇಟ್ಟಿದ್ದೆ.