ಸೋಮವಾರದ ಪೂಲ್ ಪಾಠ

ನರಸಿಂಹರಾಜಪುರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಸೋಮವಾರ ರಜೆ. ಎರಡು ವರ್ಷ ಆ ರಜೆಯನ್ನೆಲ್ಲ, ಸ್ನೂಕರ್‌ನಂಥದೇ ಆಟವಾದ ಪೂಲ್‌ನ ಮೇಜಿನ ಮುಂದೆ ಕಳೆದೆ ಎಂದರೆ ಗಿರಾಕಿಗಳು ಈಗಲೂ ನಗುತ್ತಾರೆ. ನಗಲಿ, ಅವರಿಗೆ ಅಕ್ಕನ ಆಟ ನೋಡುವ ಯೋಗ ಬರಲಿಲ್ಲ.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಬ್ಯಾಂಕಿನಿಂದ ನಿವೃತ್ತರಾಗಿ ಊರಿಗೆ ಮರಳಿದವರು. ಬ್ಯಾಂಕಿನ ತಂಡಕ್ಕೆ ಆಡುತ್ತಿದ್ದ ಕಾಲದಲ್ಲಿ ರಾಜ್ಯಕ್ಕೇ ಚಾಂಪಿಯನ್. ಬಾಡಿಗೆ ಮನೆಯ ಕೆಳಗೆ, ಮೊದಲು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಕೋಣೆಯಲ್ಲಿ ಹಳೆಯದೊಂದು ಪೂಲ್ ಮೇಜು ಹಾಕಿಸಿಕೊಂಡಿದ್ದರು. ಒಮ್ಮೆ ರವಿಕೆ ಹೊಲಿಸಲು ನನ್ನ ಅಂಗಡಿಗೆ ಬಂದ ಅಕ್ಕ, ನಾನು ಬಟ್ಟೆ ಕತ್ತರಿಸುವುದನ್ನೇ ನೋಡುತ್ತ ನಿಂತರು.

"ಕೈ ಚೂರೂ ನಡುಗಲ್ಲ ನಿಂಗೆ. ಸೋಮವಾರ ಬಾ ಮಾರಾಯ್ತಿ, ಒಂದು ಆಟ ಹೇಳ್ಕೊಡ್ತೆ" ಅಂದರು.

ಹೋದರೆ ಕೈಗೆ ಕೊಟ್ಟದ್ದು ಇಸ್ತ್ರಿ ಪೆಟ್ಟಿಗೆ. ನಮ್ಮೂರಿನ ತಂಡಿಗೆ ಮೇಜಿನ ಹಸಿರು ಬಟ್ಟೆ ಜಡವಾಗಿ ಚೆಂಡು ಓಡುವುದಿಲ್ಲವಂತೆ, ಅದಕ್ಕೆ ಆಟಕ್ಕೆ ಮೊದಲು ಇಸ್ತ್ರಿ. ಇಸ್ತ್ರಿ ಎಂದರೆ ನನ್ನ ಎಡಗೈ ಆಟ. ಹಿಂದೆ ಮುಂದೆ ಸರಸರ ಎಳೆದೆ. ಅಕ್ಕ ಪೆಟ್ಟಿಗೆಯನ್ನು ಕಿತ್ತುಕೊಂಡೇ ಬಿಟ್ಟರು. "ಎಂತ ಮಾಡ್ತಿದ್ದೆ? ಇದಕ್ಕೆ ರೋಮ ಇದೆ, ಮುಟ್ಟಿ ನೋಡು. ಒಂದೇ ದಿಕ್ಕಿಗೆ ಎಳೀಬೇಕು." ಇಪ್ಪತ್ತು ವರ್ಷ ಇಸ್ತ್ರಿ ಮಾಡಿದವಳಿಗೆ ಇಸ್ತ್ರಿಯ ಪಾಠ! ಮೈಯೆಲ್ಲ ಉರಿಯಿತು. ಬಗ್ಗಿ ನೋಡಿದರೆ, ನಾನು ಎಳೆದ ಕಡೆಯೆಲ್ಲ ರೋಮ ಎದ್ದು ನಿಂತಿತ್ತು. ಪೆಟ್ಟಿಗೆಯನ್ನು ಮರಳಿ ಇಸಿದುಕೊಂಡು ಒಂದೇ ದಿಕ್ಕಿಗೆ ಎಳೆದೆ.

ಆಮೇಲೆ ಒಂದು ತಿಂಗಳು ಬರೀ ಬಿಳಿ ಚೆಂಡು. ಅದನ್ನು ಕೋಲಿನಿಂದ ನೇರವಾಗಿ ತಳ್ಳಬೇಕು, ಅದು ಎದುರಿನ ಅಂಚಿಗೆ ತಾಗಿ ತಿರುಗಿ ಕೋಲಿನ ತುದಿಗೇ ಬರಬೇಕು. ನನ್ನದು ಮೊದಲೇ ಮೂಗಿನ ತುದಿಯ ಸಿಟ್ಟು. ಒಮ್ಮೆ ಹೊಡೆದ ರಭಸಕ್ಕೆ ಚೆಂಡು ಮೇಜಿನಿಂದ ಹಾರಿ ಬಾಗಿಲಿನಾಚೆ ಅವರ ಚಪ್ಪಲಿಯ ಮೇಲೆ ಬಿತ್ತು. ಅಕ್ಕ ಎತ್ತಿ ತಂದು, ಸೆರಗಿನಲ್ಲಿ ಒರೆಸಿ, ಇದ್ದಲ್ಲೇ ಇಟ್ಟು, "ಮತ್ತೊಂದ್ಸಲ" ಎಂದರು. ಅಷ್ಟೇ.

ಅವರಿಗೆ ಮಂಡಿನೋವು. ಮೆಟ್ಟಿಲು ಇಳಿಯುವಾಗ ಪ್ರತಿ ಹೆಜ್ಜೆಗೂ "ಅಮ್ಮಾ" ಎನ್ನುವವರು ಮೇಜಿಗೆ ಬಗ್ಗಿದರೆ ಉಸಿರೂ ಕೇಳುತ್ತಿರಲಿಲ್ಲ. ನನ್ನ ಚೀಲದಿಂದ ಅಂಗಿಯ ಗುಂಡಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟು, ಎಲ್ಲಿಂದಲೋ ಹೊಡೆದು, ಬಿಳಿ ಚೆಂಡನ್ನು ಆ ಗುಂಡಿಯ ಪಕ್ಕಕ್ಕೇ ತಂದು ನಿಲ್ಲಿಸುತ್ತಿದ್ದರು. ನಾನು ಅಷ್ಟು ಭಕ್ತಿಯಿಂದ ದೇವರ ಮುಂದೂ ನಿಂತಿಲ್ಲ.

ಒಂದು ಶರತ್ತು ಮೊದಲ ದಿನವೇ ಹಾಕಿದ್ದರು. "ನೀನು ನನ್ನ ಸೋಲಿಸಿದ ದಿನ ಪಾಠ ಮುಗೀತು. ಆಮೇಲೆ ಬರೂಕಾಗ." ಆಗ ನಕ್ಕಿದ್ದೆ. ಎರಡನೇ ವರ್ಷ ನಗು ಬರಲಿಲ್ಲ. ಗೆಲ್ಲುವ ಆಸೆ ಒಂದು ಕಡೆ, ಗೆದ್ದರೆ ಈ ಸೋಮವಾರಗಳು ಹೋಗುತ್ತವೆಂಬ ದಿಗಿಲು ಇನ್ನೊಂದು ಕಡೆ. ವಾರವಿಡೀ ಊರಿನವರ ಅಳತೆ ತೆಗೆಯುವವಳಿಗೆ ನನ್ನದೆಂದು ಇದ್ದದ್ದು ಆ ಒಂದು ದಿನ.

ಆಟದ ಲೆಕ್ಕ ಸುಲಭ. ಒಬ್ಬೊಬ್ಬರಿಗೆ ಏಳು ಚೆಂಡು. ನಮ್ಮ ಏಳನ್ನೂ ಮೇಜಿನ ತೂತುಗಳಿಗೆ ಇಳಿಸಿ, ಕೊನೆಗೆ ಕಪ್ಪು ಚೆಂಡನ್ನು ಇಳಿಸಿದರೆ ಗೆಲುವು. ಕಡೆಗೆ ಒಂದು ಸೋಮವಾರ ನನ್ನ ಕೈಗೆ ಏನು ಬಂದಿತ್ತೋ ಕಾಣೆ. ಅಕ್ಕನ ಚೆಂಡಿನ ಮರೆಗೆ ಸಿಕ್ಕಿದ್ದ ನನ್ನ ಐದನೇ ಚೆಂಡನ್ನೂ ಅಂಚಿಗೆ ತಾಗಿಸಿ, ಉದ್ದದ ಬದಿಯ ನಡುವಿನ ತೂತಿಗೆ ಇಳಿಸಿದೆ. ಏಳೂ ಮುಗಿದವು. ಅಕ್ಕನದು ಇನ್ನೂ ಎರಡು ಉಳಿದಿದ್ದವು. ಕಪ್ಪು ಚೆಂಡು ಮೂಲೆಯ ತೂತಿನ ಬಾಯಲ್ಲೇ ಇತ್ತು, ಊದಿದರೆ ಬೀಳುವಷ್ಟು ಹತ್ತಿರ.

ಬಗ್ಗಿದೆ. ಕೋಲನ್ನು ಕೂದಲೆಳೆಯಷ್ಟು ವಾಲಿಸಿ ಹೊಡೆದೆ. ಕಪ್ಪು ಚೆಂಡು ಅಂಚಿಗೆ ತಾಗಿ ಪಕ್ಕಕ್ಕೆ ಸರಿಯಿತು. "ಅಯ್ಯೋ, ತಪ್ಪೋಯ್ತು" ಎಂದೆ.

ಅಕ್ಕ ತಮ್ಮ ಕೋಲನ್ನು ಗೋಡೆಗೆ ಒರಗಿಸಿದರು.

"ನನ್ನ ಕೊನೇ ಫೈನಲ್‌ನಲ್ಲೂ ಹಿಂಗೇ ಆತು" ಎಂದರು. "ನಾನೇ ಕಲಿಸಿದ ಹುಡುಗಿ, ನಮ್ಮ ಬ್ಯಾಂಕಿನವಳೇ. ಅಕ್ಕ ರಿಟೈರ್ ಆಗ್ತಿದಾರೆ ಅಂತ ಕಪ್ಪು ಚೆಂಡು ಬಿಟ್ಟುಕೊಟ್ಲು. ಹಾರ ಹಾಕಿದ್ರು, ಫೋಟೋ ತೆಗೆದ್ರು. ಅವತ್ತು ನಾನು ಗೆಲ್ತಿದ್ನೋ ಸೋಲ್ತಿದ್ನೋ, ಇವತ್ತಿಗೂ ನಂಗೆ ಗೊತ್ತಿಲ್ಲೆ."

ನನಗೆ ತಲೆಯೆತ್ತಲು ಆಗಲಿಲ್ಲ. ಅವರು ಬಿಳಿ ಚೆಂಡು, ಕಪ್ಪು ಚೆಂಡು ಎರಡನ್ನೂ ನಾನು ಹೊಡೆಯುವ ಮೊದಲು ಇದ್ದ ಜಾಗಕ್ಕೇ ತಂದಿಟ್ಟರು. ಒಂದು ನೂಲಿನಷ್ಟೂ ವ್ಯತ್ಯಾಸವಿರಲಿಲ್ಲ.

"ಹೊಡಿ."

"ಅಕ್ಕಾ, ಬೇಡ."

"ಹೊಡಿ ಮಾರಾಯ್ತಿ. ನನಗೂ ಒಂದ್ಸಲ ಸರಿಯಾಗಿ ಸೋಲೂಕೆ ಬಿಡು."

ಕಣ್ಣು ಒರೆಸಿಕೊಂಡು ಹೊಡೆದೆ. ಕಪ್ಪು ಚೆಂಡು ಬಿತ್ತು. ಅಕ್ಕ ಸುತ್ತಿ ಬಂದು ನನ್ನ ಕೈ ಕುಲುಕಿದರು. ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಪಾಠ ಮುಗೀತು" ಎಂದರು.

ನಾನು ಚೀಲ ಎತ್ತಿಕೊಂಡೆ. ಅಕ್ಕ ಬಾಗಿಲಿಗೆ ಅಡ್ಡ ನಿಂತರು. ಅವರ ಕೈಯಲ್ಲಿ ಮತ್ತೆ ಕೋಲು ಇತ್ತು.

"ಎಲ್ಲಿಗೆ ಹೊರಟೆ? ಆ ಐದನೇ ಚೆಂಡು ನಡುವಿನ ತೂತಿಗೆ ಹೋಗ್ತು ಅಂತ ನಂಗೆ ಕಂಡೇ ಇರ್ಲಿಲ್ಲೆ. ಹೆಂಗೆ ಹೊಡೆದೆ, ಹೇಳ್ಕೊಡು."