ಶಾಂತವ್ವ ಕೇಳಿದ ಎರಡು ಹನಿ

ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿದವಳು ಒಂದೇ ಸಮನೆ ಹನ್ನೊಂದು ಸಲ ಸೀನಿದೆ. ಪ್ಲಾಟ್‌ಫಾರ್ಮಿನಲ್ಲಿ ಬೇರೆ ಯಾರೂ ಸೀನಲಿಲ್ಲ. ಗಾಳಿಯೇ ಖಾರವಾಗಿರುವ ಊರೊಂದು ಇದ್ದೀತೆಂದು ಮಂಡ್ಯದ ಕಡೆ ಹುಟ್ಟಿ ಬೆಳೆದ ನನಗೆ ಹೊಳೆದೇ ಇರಲಿಲ್ಲ. ಗಂಡನಿಗೆ ಇಲ್ಲಿನ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಸಿಕ್ಕಿತ್ತು, ಹಿಂದೆಯೇ ನಾನೂ ಬಂದೆ.

ಅಲ್ಲಿ ಮುದ್ದೆ ನುಂಗುತ್ತಿದ್ದವಳು ಇಲ್ಲಿ ರೊಟ್ಟಿ ಅಗಿಯಲು ಕಲಿತೆ. ಒಂಟಿತನವನ್ನು ಮಾತ್ರ ಅರಗಿಸಿಕೊಳ್ಳಲಾಗಲಿಲ್ಲ. ಮೂರು ತಿಂಗಳು ಗೋಡೆಯ ಜೊತೆ ಮಾತಾಡಿದ ಮೇಲೆ ನಮ್ಮ ಓಣಿಯ ಶಾಂತವ್ವ ಬಂದು ಕೈ ಹಿಡಿದು ಎಬ್ಬಿಸಿದಳು. “ಹಿಂಗ ಮನ್ಯಾಗ ಕುಂತ್ರ ಹುಚ್ಚ ಹಿಡೀತೈತಿ. ನಡಿಯವಾ, ತುಂಬು ಬಿಡಸಾಕ ಹೋಗೂಣು.”

ತುಂಬು ಎಂದರೆ ನಮ್ಮ ತೊಟ್ಟು. ಗೋದಾಮಿನಲ್ಲಿ ಮೆಣಸಿನಕಾಯಿ ರಾಶಿಯ ಸುತ್ತ ಕೂತು ಹೆಂಗಸರು ತೊಟ್ಟು ಮುರಿಯುತ್ತಾರೆ. ಅಲ್ಲಿ ಬುತ್ತಿ ಯಾರದೆಂಬುದಿಲ್ಲ. ಒಬ್ಬಳ ರೊಟ್ಟಿ, ಇನ್ನೊಬ್ಬಳ ಪಲ್ಯ, ಎಲ್ಲರಿಗೂ ಒಂದೇ ತಂಬಿಗೆಯ ನೀರು. ಎಂಜಲೆಂದರೆ ಮಾರು ದೂರ ಸರಿಯುವ ತಾಯಿಯ ಮಗಳು ನಾನು. ಶಾಂತವ್ವ ಕಪ್ಪಿನಿಂದ ಬಸಿಗೆ ಸುರಿದ ಚಹಾ ಅರ್ಧ ಕುಡಿದು ಉಳಿದದ್ದನ್ನು ನನ್ನ ಕೈಗಿತ್ತ ದಿನ ಮರುಮಾತಿಲ್ಲದೆ ಕುಡಿದೆ. ಊರು ಸಿಕ್ಕಿತು ಅಂದುಕೊಂಡೆ.

ಕಣ್ಣು ಒಪ್ಪಲಿಲ್ಲ. ಕೆಂಪಾಗಿ ಊದಿ, ತುರಿಸಿ ತುರಿಸಿ ಪ್ರಾಣ ಹಿಂಡುತ್ತಿತ್ತು. ಒಮ್ಮೆ ಖಾರದ ಕೈಯಲ್ಲೇ ಉಜ್ಜಿಕೊಂಡು ನೆಲಕ್ಕೆ ಬಿದ್ದು ಹೊರಳಾಡಿದೆ. ಹಾವೇರಿಯ ಕಣ್ಣಿನ ಡಾಕ್ಟರು ಅಲರ್ಜಿ ಎಂದು ಹನಿ ಔಷಧಿ ಬರೆದುಕೊಟ್ಟರು. “ಕೈ ಸಾಬೂನಿಂದ ತೊಳಕೊಂಡು ದಿನಕ್ಕ ಎರಡ ಸಲ ಹಾಕ್ರಿ. ಬಾಟ್ಲಿ ತುದಿ ಕಣ್ಣಿಗೆ ತಾಗಬಾರದು. ನಿಮ್ಮ ಬಾಟ್ಲಿ ಇನ್ನೊಬ್ಬರಿಗೆ ಕೊಡಬ್ಯಾಡ್ರಿ. ತುರಿಕಿ ಇಳೀತೈತಿ, ಆದ್ರ ಧೂಳದಾಗ ಕುಂತ್ರ ತಿರುಗಿ ಬರತೈತಿ.”

ತುರಿಕೆ ಇಳಿಯಿತು. ಅದನ್ನು ಗೋದಾಮಿನಲ್ಲಿ ಡಂಗುರ ಸಾರಿದ್ದು ನನ್ನ ತಪ್ಪು. ಎಷ್ಟೋ ವರ್ಷಗಳಿಂದ ಸೆರಗಿನಲ್ಲಿ ಕಣ್ಣೊರೆಸಿಕೊಂಡೇ ದುಡಿದ ಶಾಂತವ್ವ ಮುಖ ಮೇಲೆತ್ತಿ ಕೂತಳು. “ನನಗೂ ಎರಡ ಹನಿ ಬಿಡವಾ.”

“ಡಾಕ್ಟ್ರು ಬ್ಯಾಡ ಅಂದವ್ರೆ ಕಣಕ್ಕ, ಒಬ್ಬರದು ಒಬ್ಬರು ಹಾಕ್ಬಾರ್ದಂತೆ,” ಅಂದೆ.

ಎತ್ತಿದ ಮುಖ ನಿಧಾನವಾಗಿ ಇಳಿಯಿತು. ಮಧ್ಯಾಹ್ನ ನನ್ನ ಪಲ್ಯಕ್ಕೆ ಯಾರೂ ಕೈ ಹಾಕಲಿಲ್ಲ. ಮರುದಿನ, “ಹಾವೇರಿಗೆ ಹೋಗಿ ತೋರಿಸ್ಕೊಂಡು ಬರಾನ ಬಾ ಅಕ್ಕ, ನಿಂಗೇ ಅಂತ ಒಂದು ಬಾಟ್ಲಿ ಕೊಡಿಸ್ತೀನಿ,” ಎಂದು ಗೋಗರೆದೆ.

ಶಾಂತವ್ವ ತೊಟ್ಟು ಮುರಿಯುತ್ತಲೇ ಅಂದಳು. “ಬಾಟ್ಲಿ ಅಂಗಡ್ಯಾಗ ಸಿಗತಾವ. ನಾ ಕೇಳಿದ್ದು ನಿನ್ನ ಬಾಟ್ಲ್ಯಾಗಿಂದು.”

ಡಾಕ್ಟರು ಹೇಳಿದ್ದು ಸರಿ. ಆದರೂ ಈಗ ಹನಿ ಬಿಟ್ಟುಕೊಳ್ಳಲು ಗೋದಾಮಿನ ಹಿಂದೆ ಕಳ್ಳಿಯಂತೆ ಹೋಗುತ್ತೇನೆ. ಅಮ್ಮ ಫೋನಿನಲ್ಲಿ “ಬಂದ್ಬುಡು ಮಗಾ” ಅನ್ನುತ್ತಾಳೆ. ಯುಗಾದಿಗೆ ತವರಿಗೆ ಹೋಗಿದ್ದಾಗ ವಾರದಲ್ಲೇ ಕಣ್ಣು ತಿಳಿಯಾಗಿತ್ತು. ಆದರೆ ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರೂ ನನ್ನನ್ನು ಕೇಳಿದ್ದು ಒಂದೇ, “ಯಾವಾಗ ವಾಪಸ್ಸು?” ಇಲ್ಲಿ ಈಗ ಅಷ್ಟು ಕೇಳುವವರೂ ಇಲ್ಲ.