ಒಂದೇ ಉಸಿರಿನ ಗೆರೆ

ಬೋರ್ಡು ಬರೆಯುವ ಆತನನ್ನು ಪೇಟೆಯವರೆಲ್ಲ ಗೆರೆಯಪ್ಪ ಎಂದೇ ಕರೆಯುತ್ತಿದ್ದರು. ಅಂಗಡಿಯ ಹೆಸರು ಬರೆದಾದ ಮೇಲೆ ಉಸಿರು ಬಿಗಿಹಿಡಿದು, ಅದರ ಕೆಳಗೆ ಈ ತುದಿಯಿಂದ ಆ ತುದಿಗೆ ಒಂದೇ ಎಳೆತಕ್ಕೆ ಕೆಂಪು ಗೆರೆ ಎಳೆಯುತ್ತಿದ್ದ. ಸ್ಕೇಲು ಮುಟ್ಟಿದವನಲ್ಲ, ದಾರ ಹಿಡಿದವನಲ್ಲ. ಅದೇ ಅವನ ಸಹಿ, ಅದೇ ಅವನ ಜಂಬ.

ಎರಡು ವರ್ಷದ ಹಿಂದೆ ಎದೆಬಡಿತ ತಾಳ ತಪ್ಪಿತು. ಒಮ್ಮೆ ದಡದಡ, ಒಮ್ಮೆ ಗಪ್‌ಚುಪ್. ಉಸಿರು ಹಿಡಿದರೆ ಕಣ್ಣಿಗೆ ಕತ್ತಲೆ. ಗೆರೆ ಅರ್ಧದಲ್ಲೇ ನಡುಗತೊಡಗಿತು. ಮಹಾಶಯ ಬಾಯಿಬಿಟ್ಟು ಹೇಳಿಯಾನೇ? ಗೆರೆ ಈಗ ಹಳೇ ಫ್ಯಾಷನ್ನು ಎಂದು ಗಿರಾಕಿಗಳಿಗೆ ರೈಲು ಬಿಟ್ಟ. ಹದಿನಾಲ್ಕು ಬೋರ್ಡುಗಳು ಕೆಳಗೆ ಗೆರೆಯಿಲ್ಲದೆ ಬರಿಗಾಲಲ್ಲಿ ನಿಂತವು. ಹೆಂಡತಿ ಮಾತ್ರ ನಂಬಲಿಲ್ಲ. ಮಣಿಕಟ್ಟು ಹಿಡಿದು ನೋಡಿದವಳೇ ಅವನನ್ನು ಆಸ್ಪತ್ರೆಗೆ ಎಳೆದೊಯ್ದಳು.

ಮಾತ್ರೆ ಆಯಿತು, ಬಡಿತ ಸರಿಪಡಿಸಲು ಎದೆಗೆ ಕರೆಂಟಿನ ಶಾಕ್ ಆಯಿತು. ಬಡಿತ ಮತ್ತೆ ಹಳೇ ಚಾಳಿಗೇ ಬಿತ್ತು. ತೊಡೆಸಂದಿಯ ರಕ್ತನಾಳದಿಂದ ಸಣ್ಣ ನಳಿಕೆಯನ್ನು ಹೃದಯದವರೆಗೆ ತೂರಿಸಿ, ತಪ್ಪು ಬಡಿತ ಹುಟ್ಟುವ ಜಾಗದ ಸುತ್ತ ಸುಟ್ಟು ಬೇಲಿ ಹಾಕುತ್ತೇವೆ, ಅದು ಗಟ್ಟಿಯಾಗಲು ಮೂರು ತಿಂಗಳು ಬೇಕು ಎಂದರು ಡಾಕ್ಟರು. ಆಮೇಲೆ ಗೆರೆ ಎಳೆಯಬಹುದೇ ಎಂಬುದೊಂದೇ ಅವನ ಪ್ರಶ್ನೆ. ನೋಡೋಣ ಎಂದರು.

ಚಿಕಿತ್ಸೆ ಮುಗಿದು ಕಾಲು ಮಡಚದೆ ಮಲಗಿದ್ದವನ ಪಾದದ ನಾಡಿಯನ್ನು ನರ್ಸು ಆಗಾಗ ಮುಟ್ಟಿ ನೋಡುತ್ತಿದ್ದಳು, ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು. ಕಾಲ ಗಿಣ್ಣಿನ ಪಕ್ಕ ನಾಡಿ ಎಲ್ಲಿ ಸಿಗುತ್ತದೆಂದು ಹೆಂಡತಿ ಕೇಳಿ ಕೇಳಿ ಕಲಿತಳು.

ಮೊದಲ ವಾರಗಳಲ್ಲಿ ಬಡಿತ ಎರಡು ಸಲ ತಪ್ಪಿತು. ಗೆರೆಯಪ್ಪ ಮುಖ ಸಣ್ಣದು ಮಾಡಿಕೊಂಡು ಕುಂಚಗಳನ್ನೆಲ್ಲ ಅಟ್ಟಕ್ಕೆ ಹಾಕಿದ. ಅವಳು ಅವನ್ನು ಮತ್ತೆ ಇಳಿಸಿಟ್ಟಳು.

ಮೂರು ತಿಂಗಳು ಕಳೆದು ಡಾಕ್ಟರು ಸೈ ಎಂದ ಮರುದಿನ ಬೆಳಿಗ್ಗೆ ಇಬ್ಬರೂ ಬೀಗ ರಿಪೇರಿ ಅಂಗಡಿಯ ಮುಂದೆ ಏಣಿ ನಿಲ್ಲಿಸಿದರು. ಬರಿಗಾಲ ಬೋರ್ಡುಗಳಲ್ಲಿ ಅದೇ ಮೊದಲನೆಯದು.

"ಗೆರೆ ಹಳೇ ಫ್ಯಾಷನ್ ಅಂದಿದ್ರಲ್ಲ?" ಎಂದ ಬೀಗದವನು.

"ಮತ್ತೆ ಬಂದಿದೆ," ಎಂದ ಗೆರೆಯಪ್ಪ, ಏಣಿಯ ಮೇಲಿನಿಂದಲೇ.

ಬಾಯಲ್ಲಿ ಜಂಬವಿದ್ದರೂ ಒಳಗೆ ಹೆದರಿಕೆಯಿತ್ತು. ಕುಂಚ ಅದ್ದಿದವನು ಹಾಗೇ ನಿಂತ. ಕೆಳಗೆ ಏಣಿ ಹಿಡಿದಿದ್ದವಳ ಇನ್ನೊಂದು ಕೈ ಅವನ ಕಾಲಿಗೆ ಬಂತು. ಎರಡು ಬೆರಳು ಗಿಣ್ಣಿನ ಪಕ್ಕ ನಾಡಿಯ ಮೇಲೆ ಕೂತವು.

"ಸರಿಯಾಗಿದೆ ರೀ. ಎಳೀರಿ," ಎಂದಳು.

ಉಸಿರು ಹಿಡಿದು ಎಳೆದ. ಗೆರೆ ಎಲ್ಲೂ ನಡುಗದೆ ಆ ತುದಿ ಮುಟ್ಟಿತು. ಉಸಿರು ಬಿಟ್ಟು ಕೆಳಗೆ ನೋಡಿದರೆ ಅವಳ ಮುಖ ಕೆಂಪಗಾಗಿತ್ತು.

"ಮುಗೀತು ಕಣೇ," ಎಂದ. "ಇನ್ನು ನೀನೂ ಉಸಿರು ಬಿಡು."